ಅಳ್ಳಾಡಬ್ಯಾಡ್ರಿ

ಎರಡು ಪೆಟ್ಟಿಗೆಗಳು ಚಾಪೆಯ ಮೇಲೆ ಕೂತು ತನ್ನನ್ನೇ ನೋಡುತ್ತಿವೆ ಎಂದು ಮಲಕಪ್ಪನಿಗೆ ಎದ್ದಾಗಿನಿಂದ ಅನಿಸುತ್ತಿತ್ತು. ಒಂದು ದೊಡ್ಡದು, ತೇಗದ್ದು; ಅದರೊಳಗೆ ಮುಕ್ಕಾಲಿಯ ಮೇಲೆ ನಿಲ್ಲಿಸುವ ಕ್ಯಾಮೆರಾ, ಕಮ್ಮಾರನ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಅದರ ಚರ್ಮದ ಹೊಟ್ಟೆ, ಗಾಜಿನ ಪ್ಲೇಟುಗಳು, ತಲೆಯ ಮೇಲೆ ಎಳೆದುಕೊಳ್ಳುವ ಕರಿ ಬಟ್ಟೆ, ಲೆನ್ಸಿನ ಬಾಯಿಗೆ ಹಿತ್ತಾಳೆಯ ಮುಚ್ಚಳ. ಇನ್ನೊಂದು ಚಿಕ್ಕದು, ಕೋಟಿನ ಕಿಸೆಯಲ್ಲಿಟ್ಟುಕೊಂಡು ಊರೆಲ್ಲ ತಿರುಗಬಹುದಾದ ಕೈ ಕ್ಯಾಮೆರಾ, ಒಳಗೆ ಸುರುಳಿ ಫಿಲ್ಮು, ಗುಂಡಿ ಒತ್ತಿದರೆ ಚಿಟಿಕೆ ಹೊಡೆದಷ್ಟೇ ಸದ್ದು. ಸಂಜೆಯೊಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ದಂಡಿನ ಕ್ಯಾಂಪಿನ ಪಾರಸಿ ಅಂಗಡಿಗೆ ತಿರುಗಿ ಕಳಿಸಬೇಕು. ಕೊಡಿಸುವವನು ಸೋದರಮಾವ ರಾಮಲಿಂಗಪ್ಪ, ರವಿವಾರ ಪೇಠೆಯಲ್ಲಿ ಮೆಣಸಿನಕಾಯಿ ವ್ಯಾಪಾರ, ಕೆಳಗೆ ಅಂಗಡಿ, ಮೇಲೆ ಮನೆ, ಮನೆಯಲ್ಲಿ ಯಾವಾಗಲೂ ಒಂದು ಸೀನು. ಮಾಮಾನಿಗೆ ದೊಡ್ಡದೇ ಬೇಕು. ಅದಕ್ಕೇ ಮಲಕಪ್ಪನಿಗೆ ಸಣ್ಣದು ಬೇಕು. ತನ್ನ ಬಳಿ ಇರುವ ಕಾರಣ ಇಷ್ಟೇ ಎಂದು ತಿಳಿದಾಗ ಅವನಿಗೆ ತನ್ನ ಮೇಲೂ ಸಿಟ್ಟು ಬಂತು. ಅವನ ಸಿಟ್ಟು ಹುಲ್ಲಿನ ಬೆಂಕಿಯಲ್ಲ, ಹೊಟ್ಟಿನ ಬೆಂಕಿ. ಮೇಲೆ ಬೂದಿ, ಒಳಗೆ ಕೆಂಡ. ಐದನೆಯ ಇಯತ್ತೆಯಲ್ಲಿ ಶಾಲೆ ಬಿಡಿಸಿದ ಮಾಸ್ತರನ ಮೇಲೆ, ಬಿಡಿಸಿದಾಗ ಸುಮ್ಮನಿದ್ದ ಅಪ್ಪನ ಮೇಲೆ, ವಿಜಾಪುರದಿಂದ ಈ ಮರಾಠಿ ಊರಿಗೆ ಕರೆತಂದು ಅನ್ನ ಹಾಕಿದ ಮಾಮಾನ ಮೇಲೆ, ಆ ಅನ್ನದ ಮೇಲೆ ಕೂಡ.

ನಿನ್ನೆ ಕ್ಯಾಂಪಿನಲ್ಲಿ ಬೈರಾಮ್‌ಜಿ ಸೇಠ ಕೇಳಿದ ಪ್ರಶ್ನೆಯೊಂದು ಹಲ್ಲಿನಲ್ಲಿ ಸಿಕ್ಕ ಅಡಿಕೆಚೂರಿನಂತೆ ಇನ್ನೂ ಅಲ್ಲೇ ಇತ್ತು. ಯಾವ ಕ್ಯಾಮೆರಾ ಚಲೋ ಎಂದು ಮಲಕಪ್ಪ ಕೇಳಿದ್ದ. ಸೇಠ ತನ್ನ ಪಾರಸಿ ಹಿಂದಿಯಲ್ಲಿ, ಅದು ಆಮೇಲೆ, ಮೊದಲು ನೀನು ಫೋಟೋ ಹೇಗೆ ತೆಗೆಯುತ್ತೀ ಹೇಳು, ಎಂದ. ಎಲ್ಲರೂ ತೆಗೆದ ಹಾಗೆ ಎಂದ ಇವನು. ಎಲ್ಲರೂ ಎಂದರೆ ಯಾರು, ನಿನ್ನ ಕಾಲು ನಡೆಯುತ್ತದೋ ನಿಲ್ಲುತ್ತದೋ, ನೀನು ಮಂದಿಯ ಹತ್ತಿರ ಹೋಗುತ್ತೀಯೋ ಮಂದಿ ನಿನ್ನ ಹತ್ತಿರ ಬರಬೇಕೋ, ಎಂದು ಆ ಮುದುಕ ಕನ್ನಡಕ ಒರೆಸುತ್ತ ಕೇಳಿದಾಗ ಮಲಕಪ್ಪ ಕಪಾಟಿನ ಗಾಜಿನ ಕಡೆ ಮುಖ ತಿರುಗಿಸಿದ್ದ. ಯಾಕೆಂದರೆ ಅವನು ಇಂದಿನವರೆಗೆ ಒಂದೂ ಫೋಟೋ ತೆಗೆದವನಲ್ಲ. ಬುಧವಾರ ಪೇಠೆಯಲ್ಲಿ ರಘುರಾಮಪಂತರ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ದುಡಿದದ್ದು ಪ್ಲೇಟು ತಿದ್ದುವ ಮೇಜಿನ ಮುಂದೆ. ಕಪ್ಪು ಹೆಣ್ಣಿಗೆ ಬಿಳಿ ಬಣ್ಣ ಕೊಟ್ಟ, ಸಿಡುಬಿನ ಕಲೆ ಮುಚ್ಚಿದ, ಮುಂಗೋಪಿ ವಕೀಲರ ಹಣೆಯ ಗೆರೆಗಳನ್ನು ಪೆನ್ಸಿಲಿನ ಮೊನೆಯಿಂದ ತುಂಬಿ ಅವರನ್ನು ಶಾಂತಮೂರ್ತಿಗಳನ್ನಾಗಿ ಮಾಡಿದ. ಹೋದ ತಿಂಗಳು ಪಂತರು ಯಾವನೋ ಗಿರಾಕಿಯ ಎದುರಿಗೆ, ಇವನು ಕಾನಡಿ, ಕನ್ನಡದವನು, ಇವನ ಕೈ ಚುರುಕು, ತಲೆ ಮಂದ ಎಂದು ನಕ್ಕರು. ಮಲಕಪ್ಪ ಬ್ರಶ್ಶು ಇಟ್ಟು ಹೊರಬಿದ್ದ. ಪೌರುಷದ ಕೆಲಸ ಎನಿಸಿತ್ತು. ಮೂರನೆಯ ಓಣಿ ದಾಟುವುದರೊಳಗೆ ಬ್ರಶ್ಶನ್ನಾದರೂ ತರಬಹುದಿತ್ತು ಎನಿಸಿತು. ಎರಡೂ ಕ್ಯಾಮೆರಾ ಒಂದು ದಿನ ಒಯ್ಯಿ, ನಿನ್ನ ಮೈ ಏನು ಮಾಡುತ್ತದೆ ನೋಡು, ಎಂದು ಸೇಠ ಕಳಿಸಿದ್ದ.

ಅವನು ಸಣ್ಣದನ್ನು ಕಿಸೆಗೆ ಹಾಕಿಕೊಂಡು ಕಾಯಿಪಲ್ಲೆ ಮಾರುವ ಮಂಡಈಯ ಕಡೆಗೆ ನಡೆದ. ಓಣಿಯ ತಿರುವಿನಲ್ಲಿ ಚರಕದ ಬಾವುಟ ಹಿಡಿದು ಹಾಡುತ್ತ ಹೊರಟ ಹುಡುಗರು ಸಿಕ್ಕರು. ಕ್ಯಾಮೆರಾ ತೆಗೆಯುವಷ್ಟರಲ್ಲಿ ಅವರು ದಾಟಿಹೋದರು. ಅವನು ಅವರ ಬೆನ್ನುಗಳ ಮೇಲೆ ಗುಂಡಿ ಒತ್ತಿದ. ಎಷ್ಟು ಸುಲಭ! ಯಾರನ್ನೂ ಕೇಳಬೇಕಿಲ್ಲ, ಯಾರೂ ಕೂದಲು ಬಾಚಿಕೊಳ್ಳುವುದಿಲ್ಲ, ಬಾಡಿಗೆಯ ಕೋಟು ಹಾಕಿಕೊಳ್ಳುವುದಿಲ್ಲ. ಜಗತ್ತನ್ನು ಇದ್ದದ್ದು ಇದ್ದ ಹಾಗೆ ಹಿಡಿಯಬಹುದು. ಹೂ ಕಟ್ಟುತ್ತಿದ್ದವನನ್ನು ಹಿಡಿದ, ಟಾಂಗಾದ ಕುದುರೆಯ ಕಾಲಿಗೆ ಲಾಳ ಹೊಡೆಯುತ್ತಿದ್ದವನನ್ನು ಹಿಡಿದ, ಹೆಂಡತಿಯನ್ನು ಬೈಯುತ್ತ ಅವಳ ತಲೆಯ ಮೇಲಿನ ಗಂಟು ಸರಿಪಡಿಸುತ್ತಿದ್ದ ಹಮಾಲನನ್ನು ಹಿಡಿದ. ಏನೋ ಒಂದು ಕಳ್ಳಸುಖ ಮೈಯಲ್ಲಿ ಹರಿಯಿತು, ಚಿಕ್ಕಂದಿನಲ್ಲಿ ಮಠದ ಹಿತ್ತಲಿನಿಂದ ಪೇರಲಹಣ್ಣು ಹರಿದಾಗಿನದು. ಆದರೆ ನಾಲ್ಕಾರು ಸಲ ಒತ್ತಿದ ಮೇಲೆ ಅವನಿಗೆ ವಿಚಿತ್ರವೊಂದು ಹೊಳೆಯಿತು. ಹೂವಿನವನು ಆ ಕಡೆ ತಿರುಗಿದಾಗಲೇ ಬೆರಳು ಒತ್ತಿತ್ತು. ಲಾಳದವನು ಬಾಗಿದಾಗಲೇ. ಹಮಾಲನೂ ಅಷ್ಟೆ. ಬೇಕೆಂದು ಮಾಡಿದ್ದಲ್ಲ. ಮುಖ ಇತ್ತ ತಿರುಗುವ ಸೂಚನೆ ಸಿಕ್ಕರೆ ಸಾಕು, ಬೆರಳು ತಾನಾಗಿ ಸಡಿಲವಾಗುತ್ತಿತ್ತು. ಇದು ಯಾರ ಬೆರಳು? ಅವನು ಪರೀಕ್ಷೆ ಮಾಡುವವನಂತೆ ಬದನೆಕಾಯಿ ರಾಶಿಯ ಹಿಂದಿದ್ದ ಕಂಬಕ್ಕೆ ಆತು ನಿಂತು, ರಾಶಿಯ ಒಡತಿ ಈ ಕಡೆ ನೋಡುವ ತನಕ ಒತ್ತಬಾರದೆಂದು ಹಟ ಹಿಡಿದು ಕಾದ. ಅವಳು ತಕ್ಕಡಿ ಎತ್ತಿದಳು, ಇಳಿಸಿದಳು, ಎಲೆ ಅಡಿಕೆ ಉಗುಳಿದಳು, ತಿರುಗತೊಡಗಿದಳು; ಮುಖ ಕಾಣುವ ಮೊದಲೇ ಬೆರಳು ಒತ್ತಿಬಿಟ್ಟಿತು, ಮತ್ತೆ ಬೆನ್ನಿಗೇ.

ಆ ಒಡತಿ ರಂಗೂಬಾಯಿಗೆ ಬೆನ್ನಲ್ಲೂ ಕಣ್ಣಿತ್ತು. "ಕಾ ರೇ, ಪಾಠೀಲಾ ತೋಂಡ ಅಸತಂ ಕಾ?" ಎಂದಳು, ಬೆನ್ನಿಗೂ ಮುಖ ಇರುತ್ತದೇನೋ ಎಂದು. ಸುತ್ತಲಿನ ಕಾಯಿಪಲ್ಲೆಯವರೆಲ್ಲ ತಿರುಗಿದರು. ಅವಳು ಸಿಟ್ಟಾಗಿರಲಿಲ್ಲ, ಅದೇ ಕೆಟ್ಟದ್ದು. ತನ್ನ ಮುಖ ಅಷ್ಟು ಕೆಟ್ಟದಾಗಿದೆಯೇ ಎಂದು ಬಾಜೂದವಳನ್ನು ಕೇಳಿದಳು. ಕಳ್ಳರನ್ನು ಹಿಂದಿನಿಂದ ಹಿಡಿಯುವುದನ್ನು ಕಂಡಿದ್ದೇನೆ, ಹಿಂದಿನಿಂದ ಹಿಡಿಯುವ ಕಳ್ಳನನ್ನು ಇವತ್ತೇ ಕಂಡೆ ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, ಬಾ, ಮುಂದೆ ನಿಂತು ತೆಗೆ, ನಾನೇನು ಕಚ್ಚುವುದಿಲ್ಲ ಎಂದಳು. ನಗು ಅಂಗಡಿಯಿಂದ ಅಂಗಡಿಗೆ ಹಾರಿತು. ಮಲಕಪ್ಪ ಮುಂದೆ ಬಂದು ಕ್ಯಾಮೆರಾ ಕಣ್ಣಿಗೆ ಹಿಡಿದ. ಆ ಸಣ್ಣ ಕಿಂಡಿಯಲ್ಲಿ ರಂಗೂಬಾಯಿಯ ಇಡೀ ಮುಖ, ಕುತೂಹಲದಿಂದ ಅರಳಿದ ಎರಡು ಕಣ್ಣು, ಇವನನ್ನೇ ನೋಡುತ್ತಿದ್ದವು. ಗುಂಡಿ ಒತ್ತಲಿಲ್ಲ. ಫಿಲ್ಮು ಮುಗಿಯಿತೆಂದು ಸುಳ್ಳು ಹೇಳಿ, ಬೆವರುತ್ತ, ಬಂದ ದಾರಿಯಲ್ಲೇ ತಿರುಗಿದ.

ಮುಖ ಎಂದರೆ ತನಗೆ ಹೆದರಿಕೆಯೇ? ಸ್ಟುಡಿಯೋದಲ್ಲಿ ಎಷ್ಟು ಮುಖಗಳು ಕೈಯಡಿ ಹೋಗಿದ್ದವು! ಆದರೆ ಅವು ಗಾಜಿನ ಮೇಲಿನ ಮುಖಗಳು, ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿ, ಕಣ್ಣ ಗುಡ್ಡೆ ಬೆಳ್ಳಗೆ, ನೋಡಿದರೂ ನೋಡದವು. ಅವುಗಳಲ್ಲಿ ಒಂದನ್ನು ಅವನು ಪೂರ್ತಿಯಾಗಿಯೇ ಮುಚ್ಚಿದ್ದ. ಅದು ನೆನಪಾದದ್ದಲ್ಲ, ಯಾವತ್ತೂ ಮರೆತಿರಲಿಲ್ಲ. ಮಾಮಾನ ಮನೆಯ ಪಡಸಾಲೆಯಲ್ಲಿ ಕಾಲಿಟ್ಟವರಿಗೆಲ್ಲ ಮೊದಲು ಕಾಣುವುದೇ ಆ ಪಟ. ಮಾಮಾನ ಒಬ್ಬನೇ ಮಗ ಚನಮಲ್ಲ, ಮಲಕಪ್ಪನ ಅಕ್ಕ ಶಿವಬಸವ್ವನ ಗಂಡ, ಜ್ವರ ಬಂದು ಸತ್ತಾಗ ಎಲ್ಲ ಲಿಂಗಾಯತರ ಮನೆಗಳಲ್ಲಿ ಮಾಡುವಂತೆ ಅವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ವಿಭೂತಿ, ಜರಿಯ ರುಮಾಲು, ಶಾಲು. ಮಣ್ಣು ಮಾಡುವ ಮೊದಲು ಒಂದು ಫೋಟೋ. ಇದ್ದಾಗ ತೆಗೆಸಿದರೆ ಆಯುಷ್ಯ ಕಡಿಮೆ ಎಂದು ಮಾಮಾನ ನಂಬಿಕೆ. ಆ ಮನೆಯಲ್ಲಿ ಫೋಟೋ ಎಂದರೆ ಸತ್ತವರದೇ. ಹೆಂಡತಿ ಪಕ್ಕದಲ್ಲಿ ಕೂತಳು, ಒಂದು ಕೈ ಅವನ ಮೊಣಕಾಲ ಮೇಲಿಟ್ಟು. ಪಡಸಾಲೆಯಲ್ಲಿ ಬೆಳಕು ಕಡಿಮೆ, ಮುಚ್ಚಳ ಬಹಳ ಹೊತ್ತು ತೆಗೆದಿಡಬೇಕಾಯಿತು. ಸತ್ತವನು ಒಂದು ಚೂರೂ ಅಲುಗಲಿಲ್ಲ, ರುಮಾಲಿನ ಎಳೆ ಎಳೆಯೂ ಮೂಡಿತು. ಬದುಕಿದ್ದವಳು ಅಲುಗಿದಳು. ಪ್ಲೇಟಿನ ಮೇಲೆ ಅವಳ ಜಾಗದಲ್ಲಿ ಒಂದು ಮಂಜು. "ಬಾಜೂಕ ಇದೇನೋ ಹೊಗಿ ಬಂದದ, ಅದನ್ನ ತಗೀರಿ," ಎಂದ ಮಾಮಾ. ಪಂತರು ಪ್ಲೇಟು ತಂದು ಮಲಕಪ್ಪನ ಮುಂದಿಟ್ಟರು. ಗಾಜಿನ ಮೇಲೆ ಕೆಂಪು ಬಣ್ಣ ಬಳಿದರೆ ಕಾಗದದ ಮೇಲೆ ಬಿಳಿ. ಅವನು ಬಳಿದ. ತಲೆ, ಭುಜ, ಸೆರಗು. ಮೊಣಕಾಲ ಮೇಲಿನ ಬೆರಳುಗಳನ್ನು ಮಾತ್ರ ತೆಗೆಯಲಾಗಲಿಲ್ಲ, ತೆಗೆದರೆ ಮೊಣಕಾಲೂ ಹೋಗುತ್ತಿತ್ತು. ಬಂದವರು ಶಾಲಿನ ನಿರಿಗೆ ಎಂದುಕೊಳ್ಳುತ್ತಾರೆ.

ಮನೆಗೆ ಬಂದಾಗ ಮಾಮಾ ಮೇಲಿನ ತೆರೆದ ಮಾಳಿಗೆಯಲ್ಲಿ, ಬಿಸಿಲು ಓರೆಯಾಗಿ ಬೀಳುವ ಕಡೆ, ಕುರ್ಚಿಯೊಂದನ್ನು ಗೋಡೆಗೆ ಆನಿಸಿ ಅದರ ಮೇಲೆ ಒರಗುವ ದಪ್ಪ ಲೋಡೊಂದನ್ನು ಕೂಡಿಸಿದ್ದ. ಲೋಡಿಗೆ ಶಾಲು ಹೊದಿಸಿತ್ತು, ತಲೆಗೆ ಚನಮಲ್ಲನ ಅದೇ ಜರಿಯ ರುಮಾಲು. ವಿಭೂತಿ ಬಳಿಯುವುದೊಂದು ಬಾಕಿ. ಕ್ಯಾಮೆರಾ ಪರೀಕ್ಷೆ ಮಾಡಬೇಕಲ್ಲ, ನಮ್ಮ ಮಂದಿಯನ್ನು ಹೇಗೆ ಕೂಡಿಸುತ್ತೇವೋ ಹಾಗೆಯೇ ಕೂಡಿಸಿದ್ದೇನೆ, ಎಂದ. ನಮ್ಮ ಮಂದಿಗೆ ಫೋಟೋ ತೆಗೆಯಲು ನಮ್ಮವನೇ ಒಬ್ಬ ಇರಬೇಕು, ಕೂಡಿಸುವುದು ಯಾಕೆ ಏನು ತಿಳಿಯದವರು ಹೆಣದ ಮುಂದೆ ಬಂದು ಮರ್ಯಾದೆ ಗೇಡು ಮಾಡುತ್ತಾರೆ, ಎಂದೂ ಹೇಳಿದ. ಹೇಳುವಾಗ ಅವನ ದನಿ ಸ್ವಲ್ಪ ಒಡೆಯಿತು, ಅವನು ಕೆಮ್ಮಿದ, ಮೆಣಸಿನಕಾಯಿಯ ಘಾಟು ಎಂಬಂತೆ. ಮಲಕಪ್ಪನಿಗೆ ಬೈಯಬೇಕೆನಿಸಿತ್ತು. ಆ ಕೆಮ್ಮು ಕೇಳಿ ಬೈಯದೆ ಮುಕ್ಕಾಲಿ ಎತ್ತಿಕೊಂಡ. ಮಾಮಾ ಅಂಗಡಿಗೆ ಇಳಿದುಹೋದ.

ಅವನು ಮುಕ್ಕಾಲಿ ಬಿಡಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಮಸುಕು ಗಾಜಿನ ಮೇಲೆ ಲೋಡು ತಲೆಕೆಳಗಾಗಿ ತೂಗುತ್ತಿತ್ತು, ರುಮಾಲು ಕೆಳಗೆ, ಕುರ್ಚಿಯ ಕಾಲು ಆಕಾಶಕ್ಕೆ. ಮುಚ್ಚಳ ಹಾಕಿದ, ಪ್ಲೇಟು ಸೇರಿಸಿದ, ಹೊರಗೆ ಬಂದು ಬದಿಗೆ ನಿಂತು ಮುಚ್ಚಳ ತೆಗೆದ. ಆಗ ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಈ ಹೊತ್ತಿನಲ್ಲಿ ಪಂತರು ಗಡಿಯಾರ ನೋಡುತ್ತಿದ್ದರು. ಇವನ ಬಳಿ ಗಡಿಯಾರವಿರಲಿಲ್ಲ. ಕಣ್ಣಿಗೆ ಕಿಂಡಿಯೂ ಇಲ್ಲ, ಮುಖಕ್ಕೆ ಬಟ್ಟೆಯೂ ಇಲ್ಲ. ಪೆಟ್ಟಿಗೆ ತನ್ನ ಪಾಡಿಗೆ ನೋಡುತ್ತಿದೆ, ತಾನು ತನ್ನ ಬರಿಗಣ್ಣಿನಿಂದ ಎದುರಿನದನ್ನು ನೋಡುತ್ತ ನಿಲ್ಲಬೇಕು, ಅಷ್ಟೇ. ಎದುರಿನದೂ ತನ್ನನ್ನು ನೋಡುತ್ತಿರುತ್ತದೆ. ಇಷ್ಟು ಹೊತ್ತು ಇಬ್ಬರು ಮನುಷ್ಯರು ಸುಮ್ಮನೆ ಒಬ್ಬರನ್ನೊಬ್ಬರು ನೋಡಲು ಇನ್ನೆಲ್ಲಿ ಅವಕಾಶ? ಎದುರಿಗಿದ್ದದ್ದು ಲೋಡು ಎಂಬುದು ಆಗ ಬಹಳ ನಾಚಿಕೆಯ ಸಂಗತಿ ಎನಿಸಿತು.

ಅಡಿಗೆಮನೆಯ ಬಾಗಿಲಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಶಿವಬಸವ್ವ. ಹಿಟ್ಟಿನ ಕೈ, ಬೋಳು ಮಣಿಕಟ್ಟು. "ಯಾರ ಲಗ್ನ ಮಾಡಾಕ ಹತ್ತೀಯೋ ಮಲಕ್ಯಾ, ಲೋಡಿಂದೇನು?" ಎಂದಳು. ಆಮೇಲೆ ಕೈ ಒರೆಸಿಕೊಂಡು ಬಂದು ಕರಿ ಬಟ್ಟೆಯನ್ನು ಮುಟ್ಟಿ ನೋಡಿದಳು, ಒಳಗೆ ಏನು ಕಾಣುತ್ತದೆ ಎಂದು ಕೇಳಿದಳು. ಅವನು ಮುಚ್ಚಳ ಹಾಕಿ ಪ್ಲೇಟು ಹೊರಗೆ ತೆಗೆದು, ಮತ್ತೆ ಮುಚ್ಚಳ ಬಿಚ್ಚಿ, ನೋಡು ಎಂದ. ಅವಳು ಬಟ್ಟೆಯೊಳಗೆ ಹೊಕ್ಕಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಎಲ್ಲ ತಿರುವುಮುರುವು ಅದ, ಆದರೂ ಏನೂ ಬೀಳವಲ್ದು, ಎಂದು ಒಳಗಿನಿಂದಲೇ ಹೇಳಿದಳು. ಒಳಗಿನಿಂದಲೇ ಕೇಳಿದಳು, ಕತ್ತಲೆಯಿಂದ, ಬೇಳೆ ಬೆಂದಿತೇ ಎಂದು ಕೇಳುವ ದನಿಯಲ್ಲಿ:

"ನನ್ನ ಹ್ಯಾಂಗ ತಗದಿಯೋ? ಚಾಕೂಲೇ ಕೆರದ್ಯೋ, ಬಣ್ಣಾ ಬಳದ್ಯೋ?"

ಅವಳಿಗೆ ಗೊತ್ತಿತ್ತು. ಯಾವಾಗಿನಿಂದ? ಪ್ರತಿದಿನ ರೊಟ್ಟಿ ಬಡಿದು ತಾಟಿಗೆ ಹಾಕುವಾಗಲೂ ಗೊತ್ತಿತ್ತೇ? ಬಣ್ಣ, ಎಂದ. ಯಾವ ಬಣ್ಣ ಎಂದಳು. ಕೆಂಪು, ಎಂದ. ಅವಳು ಬಟ್ಟೆಯಿಂದ ಹೊರಬಂದಳು, ಕೂದಲು ಕೆದರಿತ್ತು. ಕುಂಕುಮದ ಬಣ್ಣವೇ, ಎಂದಷ್ಟೇ ಹೇಳಿ ಕುರ್ಚಿಯ ಕಡೆಗೆ ನೋಡಿದಳು. ಮಲಕಪ್ಪ ಏನೋ ಹೇಳಹೋದ, ನೀನು ಅಷ್ಟು ಅಳುತ್ತಿದ್ದೆ, ಅದಕ್ಕೇ ಅಲುಗಿದೆ, ಅದು ನಿನ್ನ ತಪ್ಪಲ್ಲ, ಎಂಬಂಥದ್ದು.

"ಅತ್ತಿದ್ನೇನು ನಾ? ನಕ್ಕಿದ್ದೆ," ಎಂದಳು.

ಮತ್ತೆ ಅವನಿಗೆ ಆ ದಿನದ ಪಡಸಾಲೆ ಪೂರ್ತಿ ತೆರೆದುಕೊಂಡಿತು, ತಾನೇ ಮುಕ್ಕಾಲಿ ಹೊತ್ತು ತಂದು ಮೂಲೆಯಲ್ಲಿ ನಿಂತಿದ್ದು. ಪಂತರಿಗೆ ಸತ್ತವರನ್ನು ಮಲಗಿಸುವುದು ಗೊತ್ತು, ಕೂಡಿಸುವುದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರೋ ಸತ್ತಿದ್ದಾರೆಂದು ಗೊತ್ತು, ಯಾರು ಎಂದು ಕೇಳಿರಲಿಲ್ಲ. ಹೂಮಾಲೆ ಹಾಕಿಕೊಂಡು, ರುಮಾಲು ಸುತ್ತಿ, ಹೆಂಡತಿಯ ಪಕ್ಕ ಕೂತವನನ್ನು ಕಂಡು ಬಟ್ಟೆಯೊಳಗಿನಿಂದ, ಕಾಕಾ, ಜರಾ ಮಾನ ವರ ಕರಾ, ಕತ್ತು ಸ್ವಲ್ಪ ಮೇಲೆತ್ತಿ, ಎಂದಿದ್ದರು. ಕಾಕಾ ಎತ್ತಲಿಲ್ಲ. ಪಂತರು ಮತ್ತೊಮ್ಮೆ, ಬೇಸರದಿಂದ, ಹೇಳಿದ್ದರು. ಯಾರೋ ಹೋಗಿ ಕಿವಿಯಲ್ಲಿ ಹೇಳಿದ ಮೇಲೆ ಬೆವರಿ, ಬಾಯಿ ಮುಚ್ಚಿಕೊಂಡು ಮುಚ್ಚಳ ತೆಗೆದರು. ಆಗಲೇ ಶಿವಬಸವ್ವನ ಭುಜಗಳು ಕುಲುಕತೊಡಗಿದ್ದು. ಹೆಂಗಸರೆಲ್ಲ ಅಯ್ಯೋ ಎಂದಿದ್ದರು.

"ಅವ ಇದ್ದಿದ್ರ ನನಗಿಂತ ಜೋರ ನಗತಿದ್ದ," ಎಂದಳು ಶಿವಬಸವ್ವ. "ಇಡೀ ಪೇಠೇಕ ಹೇಳಕೋತ ಅಡ್ಡಾಡತಿದ್ದ. ಅದನ್ನ ನೆನಸೇ ನನಗ ಇನ್ನೂ ನಗಿ ಬಂತು. ಕೈ ಮಾತ್ರ ಅವನ ಮ್ಯಾಲ ಗಟ್ಟಿ ಇಟಗೊಂಡಿದ್ದೆ, ಅಳ್ಳಾಡಿ ಅವ ಬಿದ್ದಾನು ಅಂತ."

ಮಲಕಪ್ಪ ಅಕ್ಕನನ್ನು ನೋಡಿದ. ತಾನು ಇಷ್ಟು ವರ್ಷ ಹೊತ್ತು ತಿರುಗಿದ್ದು ಒಬ್ಬ ಅಳುವವಳನ್ನು. ಅಂಥವಳು ಇರಲೇ ಇಲ್ಲ. ಹಾಗಾದರೆ ಬಳಿದದ್ದು ಯಾರ ಮೇಲೆ? ಅವನಿಗೆ ಸಿಟ್ಟು ಬರಬೇಕಿತ್ತು, ಹುಡುಕಿದ, ಸಿಗಲಿಲ್ಲ. ಅದರ ಜಾಗದಲ್ಲಿ ಹಸಿವಿನಂಥ ಒಂದು ಕುತೂಹಲ. ಅವಳ ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆಯಿತ್ತು. ಯಾವಾಗಿನಿಂದ ಇತ್ತು? ಅವನು ಸಣ್ಣ ಕ್ಯಾಮೆರಾವನ್ನು ಕಿಸೆಯಿಂದ ತೆಗೆದು, ಅದರ ಪೆಟ್ಟಿಗೆಯಲ್ಲಿಟ್ಟು, ಪಟ್ಟಿ ಬಿಗಿದು, ಮೆಟ್ಟಿಲ ಬಾಯಿಗೆ ತಂದಿಟ್ಟ. ಇದು ವಾಪಸು, ಎಂದ. ಮಾಮಾ ಗೆದ್ದ ಬಿಡು, ಎಂದಳು ಅವಳು. ಮಾಮಾ ಲೋಡಿನ ಸಲುವಾಗಿ ಕೇಳುತ್ತಿದ್ದಾನೆ, ನಾನು ಅದಕ್ಕಲ್ಲ, ಎಂದ; ಮತ್ತೆ ಯಾವುದಕ್ಕೆ ಎಂದು ಅವಳು ಕೇಳಿದಳು. ಕುಂಡ್ರು, ಎಂದ.

ಅವಳು ರುಮಾಲನ್ನು ಎರಡೂ ಕೈಯಿಂದ ಎತ್ತಿ, ಲೋಡನ್ನು ಕಾಲಿನಿಂದಲೇ ಬದಿಗೆ ಸರಿಸಿ ಕೂತಳು, ರುಮಾಲು ಮಡಿಲಲ್ಲಿ. ಕೈ ಎಲ್ಲಿಡಲಿ, ಸೆರಗು ಹೀಗಿರಲೋ, ಅಳ್ಳಾಡಬಾರದೋ, ಎಂದು ಕೇಳಿದಳು. ನಿನಗೆ ತಿಳಿದಂತೆ ಎಂದ. ಅವನು ಮುಚ್ಚಳ ಹಾಕಿ, ಹೊಸ ಪ್ಲೇಟು ಸೇರಿಸಿ ಬದಿಗೆ ಬಂದು ಮುಚ್ಚಳಕ್ಕೆ ಕೈ ಹಾಕಿದ್ದಾಗ ಮೆಟ್ಟಿಲ ಮೇಲೆ ಸಪ್ಪಳವಾಯಿತು.

ರಾಮಲಿಂಗಪ್ಪ ಚಹಾಕ್ಕೆ ಬಂದಿದ್ದ. ಮೆಟ್ಟಿಲ ಬಾಯಿಯಲ್ಲಿ ಸಣ್ಣ ಪೆಟ್ಟಿಗೆ ಕಂಡು, ಶಾಣ್ಯಾ ಆದಿ, ಎಂದು ಹೇಳಿದವನು ತಲೆ ಎತ್ತಿ ಕುರ್ಚಿಯ ಕಡೆ ನೋಡಿದ. ಲೋಡು ನೆಲದ ಮೇಲೆ. ಮಗನ ರುಮಾಲು ಸೊಸೆಯ ಮಡಿಲಲ್ಲಿ. ಸೊಸೆ ತನ್ನೆದುರು ಕುರ್ಚಿಯ ಮೇಲೆ. ಅವನು ಎರಡು ದಾಪುಗಾಲಿನಲ್ಲಿ ಅವಳ ಬಳಿಗೆ ಬಂದು ಬೆರಳೆತ್ತಿ, "ಏಳು ಮೊದಲ ಅಲ್ಲಿಂದ," ಎಂದ, ಇನ್ನೂ ಏನೋ ಹೇಳಲು ಬಾಯಿ ತೆರೆದ. ಅವಳು ಏಳಲಿಲ್ಲ. ಮಲಕಪ್ಪ ಮುಚ್ಚಳ ತೆಗೆದ.

ಹಿತ್ತಾಳೆ ಕಳಚಿದ ಸದ್ದಿಗೆ ರಾಮಲಿಂಗಪ್ಪ ತಿರುಗಿ ನೋಡಿದ, ಕರಿಯ ಬಾಯಿ ತೆರೆದುಕೊಂಡು ತನ್ನನ್ನೇ ನೋಡುತ್ತಿರುವುದನ್ನು ಕಂಡ, ಕಂಡ ಕೂಡಲೇ ಹಾಗೆಯೇ ನಿಂತುಬಿಟ್ಟ. ಬೆರಳು ಎತ್ತಿದಲ್ಲೇ, ಬಾಯಿ ಅರ್ಧ ತೆರೆದಲ್ಲೇ, ಉಸಿರು ಹಿಡಿದಲ್ಲೇ. ಅಲುಗಿದವರು ಹೊಗೆಯಾಗುತ್ತಾರೆಂದು ಆ ಮನೆಯಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ತುಟಿ ಕದಲಿಸದೆ, ಹಲ್ಲಿನ ಸಂದಿಯಿಂದ, ಆತೇನೋ ಎಂದ. ಇನ್ನೂ ಇಲ್ರಿ, ಎಂದ ಮಲಕಪ್ಪ. ಬಿಸಿಲಿಗೆ ಇಷ್ಟು ಹೊತ್ತು ಬೇಕಿರಲಿಲ್ಲ, ಪ್ಲೇಟು ಸುಟ್ಟು ಹೋಗಬಹುದು ಎಂದು ಅವನ ಕೈಗೆ ಗೊತ್ತಿತ್ತು, ಕೈ ಮುಚ್ಚಳವನ್ನು ಹಿಡಿದೇ ಇತ್ತು. ಶಿವಬಸವ್ವ ತಮ್ಮನ ಕಡೆ ನೋಡಿದಳು, ಸಿಕ್ಕ ಈ ಹೊತ್ತು ಎಷ್ಟು ಉದ್ದದ್ದು ಎಂದು ಅಳೆಯುವವಳಂತೆ. ಆಮೇಲೆ ಪೂರಾ ಮಾಮಾನ ಕಡೆಗೆ ತಿರುಗಿ ಕೂತು, ಅವತ್ತು ಪಂತ ಏನೆಂದ, ಚನಮಲ್ಲನಿಗೆ ಕತ್ತು ಎತ್ತೆಂದು ಎಷ್ಟು ಸಲ ಹೇಳಿದ, ತನಗೆ ಏನು ಬಂತು, ಎಲ್ಲವನ್ನೂ ಹೇಳತೊಡಗಿದಳು, ಕೈ ಆಡಿಸುತ್ತ, ಪಂತರ ದನಿ ತೆಗೆದು, ನಡುನಡುವೆ ನಗುತ್ತ. ಬಾಯಿ ಮುಚ್ಚು ಎನ್ನಲು ಮಾಮಾನಿಗೆ ಬಾಯಿ ಇರಲಿಲ್ಲ.

"ಉಸಿರಾಡ್ರಿ ಮಾಮಾ," ಎಂದಳು ಕೊನೆಗೆ. "ಈ ಸಲ ಮಲಕ್ಯಾ ಯಾರನ್ನೂ ಬಳಿಯಂಗಿಲ್ಲ."

ರಾಮಲಿಂಗಪ್ಪನ ಎತ್ತಿದ ಬೆರಳು ನಡುಗಿತು, ಗದ್ದ ನಡುಗಿತು, ನಂತರ ಆ ದೊಡ್ಡ ಹೊಟ್ಟೆ, ಭುಜ, ಇಡೀ ಮನುಷ್ಯ ಕುಲುಕತೊಡಗಿದ. ಮಲಕಪ್ಪ ಕಣ್ಣು ತೆಗೆಯಲಿಲ್ಲ. ಅದು ಅಳುವೋ ನಗೆಯೋ ತಿಳಿಯುವ ತನಕ ಮುಚ್ಚಳ ಹಾಕಬಾರದೆಂದು, ಹಿತ್ತಾಳೆ ಅಂಗೈಯಲ್ಲಿ ಬೆಚ್ಚಗಾಗುತ್ತಿರಲು, ನೋಡುತ್ತ ನಿಂತ.